ಮೊದಲು ಪೈಪ್ ನೋಡಿ

ಅವರ ಅಂಗೈಯ ಬುಡ ಚಪ್ಪಲಿಯ ಅಟ್ಟೆಯಂತೆ ದಪ್ಪಗಟ್ಟಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಾಲಿಕುರ್ಚಿಯ ಚಕ್ರ ತಳ್ಳಿದ ಕೈ ಅದು. ಬೆರಳ ತುದಿಗಳು ಮಾತ್ರ ಬೇರೆ ಯಾರದ್ದೋ ಎನ್ನುವಷ್ಟು ಶುಚಿ. ಉಗುರನ್ನು ಒಂದು ಎಳೆಯಷ್ಟೂ ಬೆಳೆಯಲು ಬಿಡುತ್ತಿರಲಿಲ್ಲ. ಜೆರಾಕ್ಸ್ ಯಂತ್ರದ ಕಪ್ಪು ಪುಡಿ ಆ ಬೆರಳುಗಳ ಮೇಲೆ ಹತ್ತು ನಿಮಿಷ ನಿಂತದ್ದನ್ನು ನಾನು ಕಂಡಿಲ್ಲ. ಹೋಗಿ ಸೋಪು ಹಾಕಿ ತೊಳೆದು ಬಂದಿರುತ್ತಿದ್ದರು. ಗಿರಾಕಿಗಳು ಕಾಯಬೇಕಾಗುತ್ತಿತ್ತು. ಅದು ಯಾಕೆಂದು ನನಗೆ ತಿಳಿದದ್ದು ನನ್ನ ತಮ್ಮ ಬಿದ್ದ ಮೇಲೆ.

ಅನ್ನಪೂರ್ಣೇಶ್ವರಿ ನಗರದಲ್ಲಿ ನಾವಿರುವುದು ಮೊದಲನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಅವರ ಅಂಗಡಿ. ಜೆರಾಕ್ಸ್, ಪೆನ್ನು, ಪರೀಕ್ಷೆಯ ರಟ್ಟು ಎಲ್ಲ ಸಿಗುತ್ತಿತ್ತು. ಬೀದಿಯವರೆಲ್ಲ ಅವರನ್ನು ಅಂಗಡಿಯಣ್ಣ ಎನ್ನುತ್ತಿದ್ದರು. ಅವರ ಕುರ್ಚಿಯ ಹಿಡಿಗೆ ಒಂದು ಪಾರದರ್ಶಕ ಪೌಚ್ ಸದಾ ನೇತಾಡುತ್ತಿತ್ತು, ಮಕ್ಕಳು ಹಾಲ್ ಟಿಕೆಟ್ ಇಟ್ಟುಕೊಂಡು ಹೋಗುತ್ತಾರಲ್ಲ, ಅಂಥದ್ದು. ಒಳಗೆ ಒಂದು ಉದ್ದನೆಯ ಕೊಳವೆ, ಸಣ್ಣ ಸೋಪು, ಮಡಚಿದ ಟವೆಲ್. ಅದೇನು ಎಂದು ನಾನು ಎಂದೂ ಕೇಳಿರಲಿಲ್ಲ.

ತಮ್ಮ ವೈರಿಂಗ್ ಕೆಲಸದವನು. ಮಲ್ಲತ್ತಹಳ್ಳಿಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಕಂಬಿಯಿಲ್ಲದ ಮೆಟ್ಟಿಲಿನಿಂದ ಹಿಮ್ಮುಖವಾಗಿ ಬಿದ್ದ. ಹೆಗಲಿನಿಂದ ಒಂದು ಗೇಣು ಕೆಳಗೆ ಬೆನ್ನುಮೂಳೆ ಮುರಿದು, ಒಳಗಿನ ನರಹುರಿಗೆ ಪೆಟ್ಟಾಗಿತ್ತು. ಎದೆಯಿಂದ ಕೆಳಕ್ಕೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮೂತ್ರ ತಾನಾಗಿ ಬರುತ್ತಿರಲಿಲ್ಲ. ಎರಡು ತಿಂಗಳ ನಂತರ ಆಸ್ಪತ್ರೆಯವರು ಕೊಳವೆ, ಚೀಲದ ಸಮೇತ ಮನೆಗೆ ಕಳಿಸಿದರು.

ವಿಮೆಗೆಂದು ಆಸ್ಪತ್ರೆಯ ಕಾಗದಗಳ ಪ್ರತಿ ತೆಗೆಸಲು ನಾನು ಎದುರಿನ ಅಂಗಡಿಗೆ ಹೋದೆ. ಅವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಂತ್ರದಿಂದ ಬರುವ ಪ್ರತಿ ಹಾಳೆಯನ್ನೂ ಓದುತ್ತಿದ್ದರು.

"ಓದ್ಬಾರ್ದಿತ್ತು, ಓದ್ಬಿಟ್ಟೆ ಮೇಡಂ," ಎಂದರು. "ನಂದೂ ಹೆಚ್ಚುಕಮ್ಮಿ ಅದೇ ಮೂಳೆ. ಒಂದು ಮಾತು ಹೇಳ್ತೀನಿ, ನೆನಪಿಟ್ಕೊಳಿ. ಅವ್ರು ಇದ್ದಕ್ಕಿದ್ದಂಗೆ ತಲೆ ಸಿಡೀತಿದೆ ಅಂದ್ರೆ ಮಾತ್ರೆ ಹುಡುಕ್ಬೇಡಿ. ಮೊದಲು ಪೈಪ್ ನೋಡಿ. ಒಳಗೆ ಉಚ್ಚೆ ಕಟ್ಕೊಂಡಿರುತ್ತೆ."

ನನ್ನ ಹಿಂದೆ ನಾನು ಪಾಠ ಮಾಡುವ ಪಿಯು ಕಾಲೇಜಿನದೇ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳು ಕಿಸಕ್ಕೆಂದಳು. ನನ್ನ ಕಿವಿ ಬಿಸಿಯಾಯಿತು. "ಆಯ್ತು ಸಾರ್" ಎಂದು ಕಾಗದ ಬಾಚಿಕೊಂಡು ಬಂದೆ. ಆಮೇಲೆ ಎರಡು ಸಲ "ತಮ್ಮನ್ನ ಮಾತಾಡಿಸ್ಬೇಕಲ್ಲ ಮೇಡಂ" ಎಂದು ಬೀದಿಯಲ್ಲಿ ಕೇಳಿದಾಗಲೂ "ಮಲಗಿದಾನೆ" ಎಂದು ಸುಳ್ಳು ಹೇಳಿದೆ. ಜೆರಾಕ್ಸ್ ಬೇಕಾದರೆ ಮುಖ್ಯರಸ್ತೆಗೆ ಹೋಗತೊಡಗಿದೆ.

ವರಮಹಾಲಕ್ಷ್ಮಿ ಹಬ್ಬ ಬಂತು. ನಮ್ಮದು ಇರುವುದೊಂದೇ ದೊಡ್ಡ ಹಾಲು. ಒಂದು ಮೂಲೆಯಲ್ಲಿ ಕಳಶ, ಇನ್ನೊಂದು ಮೂಲೆಯಲ್ಲಿ ತಮ್ಮನ ಮಂಚ. ಮಂಚದ ಕೆಳಗಿನ ಕೊಕ್ಕೆಗೆ ಅರ್ಧ ತುಂಬಿದ ಚೀಲ. ಅಮ್ಮ ಅದರ ಹೆಸರನ್ನು ಎಂದೂ ಹೇಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದರು.

"ಸಂಜೆ ಅಷ್ಟು ಜನ ಅರಿಶಿನ ಕುಂಕುಮಕ್ಕೆ ಬರ್ತಾರೆ ಕಣೇ. ಲಕ್ಷ್ಮಿ ಎದುರಿಗೆ ಅದು ಹಂಗೆ ನೇತಾಡ್ತಿದ್ರೆ? ಒಂಚೂರು ಮರೆ ಮಾಡು."

ನಾನೇ ಮಾಡಿದೆ. ಚೀಲವನ್ನು ಕೊಕ್ಕೆಯಿಂದ ತೆಗೆದು ಹಾಸಿಗೆಯ ಮೇಲೆ, ಅವನ ಕಾಲಿನ ಪಕ್ಕ ಇಟ್ಟೆ. ಕೊಳವೆಯನ್ನು ತೊಡೆಯ ಕೆಳಗೆ ತೂರಿಸಿದೆ. ಮೇಲೆ ಅಮ್ಮನ ಹಳೆಯ ರೇಷ್ಮೆ ಸೀರೆ ಹೊದಿಸಿ, ಅಂಚು ಕಾಣುವಂತೆ ನೆರಿಗೆ ಕೂಡ ಸರಿಮಾಡಿದೆ.

"ಅಕ್ಕ, ಹಂಗೆ ಮೇಲಿಡ್ಬೋದಾ?" ಎಂದ ತಮ್ಮ.

"ಎರಡು ಗಂಟೆ ಕಣೋ. ಏನಾಗಲ್ಲ."

ಹೆಂಗಸರು ಬಂದರು. ಎಲ್ಲರೂ ಅವನನ್ನು ನೋಡಿ "ಎಷ್ಟು ಲಕ್ಷಣವಾಗಿ ಕೂತಿದಾನೆ" ಎಂದರು. ಅವನು ದಿಂಬಿಗೊರಗಿ ನಗುತ್ತಿದ್ದ. ನಾನು ಕೋಸಂಬರಿ ಬಡಿಸುತ್ತಿದ್ದಾಗ "ಅಕ್ಕ, ತಲೆ" ಎಂದ. ತಿರುಗಿ ನೋಡಿದರೆ ಮುಖ, ಕತ್ತು ಕೆಂಡದಂತಾಗಿತ್ತು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಬ್ಬಕ್ಕೆ ಬಂದಿದ್ದ ಸೋದರತ್ತೆ "ದೃಷ್ಟಿ, ದೃಷ್ಟಿ" ಎಂದರು. ಅಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ನಿವಾಳಿಸತೊಡಗಿದರು. ಪಕ್ಕದ ಮನೆಯ ಆಂಟಿ "ಬೆವರ್ತಿದಾನೆ ಅಂದ್ರೆ ಬಿಪಿ ಇಳಿದಿದೆ, ದಿಂಬು ತೆಗೀರಿ, ಮಲಗಿಸಿ" ಎಂದರು. ಎಂಎ ಓದಿದ ನಾನು ದಿಂಬು ತೆಗೆದು ಮಲಗಿಸಿದೆ. ಅವನು ಕಿರುಚಿಕೊಂಡ. "ಅಕ್ಕ, ಕಣ್ಣು ಕತ್ಲೆ ಬರ್ತಿದೆ."

ಆಟೋ ಕೂಗಲು ಬಾಲ್ಕನಿಗೆ ಓಡಿದೆ. ಅಂಗಡಿಯಣ್ಣ ಬೀದಿಯಲ್ಲೇ ಇದ್ದರು.

"ಏನಾಯ್ತು ಮೇಡಂ?"

"ತಲೆನೋವು ಅಂತಿದಾನೆ, ತಡ್ಕೊಳಕ್ಕಾಗ್ತಿಲ್ಲ!"

ಅವರಿಗೆ ಮೆಟ್ಟಿಲು ಹತ್ತಲಾಗದು. ಕುರ್ಚಿಯನ್ನು ರಸ್ತೆಯ ನಡುವಿಗೆ ತಳ್ಳಿಕೊಂಡು ಬಂದು, ಕತ್ತೆತ್ತಿ ಕೂಗಿದರು: "ಮಲಗಿಸ್ಬೇಡಿ! ಎತ್ತಿ ಕೂರ್ಸಿ! ಉಚ್ಚೆ ಚೀಲ ಎಲ್ಲಿಟ್ಟಿದೀರಾ?"

ಎಳನೀರಿನವನು ಮಚ್ಚು ಹಿಡಿದು ನಿಂತುಬಿಟ್ಟ. ಕುಂಕುಮ ತೆಗೆದುಕೊಂಡು ಇಳಿಯುತ್ತಿದ್ದ ಹೆಂಗಸರು ತಲೆಯೆತ್ತಿದರು. ಎದುರುಮನೆಯ ಕಿಟಕಿ ತೆರೆಯಿತು. ನಾಚಿಕೆಯಿಂದ ನನ್ನ ಬಾಯಿ ಕಟ್ಟಿತು. ಮೂರೋ ನಾಲ್ಕೋ ಸೆಕೆಂಡು ಇರಬೇಕು. ಇವತ್ತಿಗೂ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ, ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಆ ಸೆಕೆಂಡುಗಳು ಹಾಗೇ ವಾಪಸು ಬರುತ್ತವೆ.

"ನಾಚ್ಕೊಂಡ್ರೆ ಸಾಯ್ತಾನೆ ಕಣಮ್ಮ! ಪೈಪ್ ನೋಡಿ ಮೊದಲು!"

ಮೊದಲ ಸಲ ಅವರು ನನ್ನನ್ನು ಮೇಡಂ ಎನ್ನಲಿಲ್ಲ. ಒಳಗೆ ಓಡಿ ಅವನನ್ನು ಎತ್ತಿ ಕೂರಿಸಿ ಸೀರೆ ಕಿತ್ತೆಸೆದೆ. ತೊಡೆಯ ಕೆಳಗೆ ಕೊಳವೆ ಪೂರ್ತಿ ಮಡಚಿಕೊಂಡು ಅಲ್ಲೊಂದು ಬಿಳಿ ಗೆರೆ ಬಿದ್ದಿತ್ತು. ಬಿಡಿಸಿ ನೇರ ಮಾಡಿ ಚೀಲವನ್ನು ನೆಲಕ್ಕಿಳಿಸಿದೆ. ಮೂತ್ರ ಸದ್ದು ಮಾಡಿಕೊಂಡು ಇಳಿಯಿತು. ಮುಷ್ಟಿಯಲ್ಲಿ ಉಪ್ಪು ಹಿಡಿದುಕೊಂಡೇ ಅಮ್ಮ ನೋಡುತ್ತಿದ್ದರು. ಚೀಲ ತುಂಬುತ್ತ ಬಂದಂತೆ ಅವನ ಮುಖದ ಕೆಂಪು ಇಳಿಯುತ್ತ ಬಂತು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಹೇಳಿದರು: ಮೂತ್ರಕೋಶ ಬಿಗಿದರೆ ಇಂಥವರಿಗೆ ರಕ್ತದೊತ್ತಡ ಎಲ್ಲಿಗೋ ಏರಿಬಿಡುತ್ತದೆ, ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮಿದುಳಿನಲ್ಲಿ ರಕ್ತನಾಳ ಒಡೆಯಬಹುದಿತ್ತು.

ಮೂರನೆಯ ದಿನ ಇಬ್ಬರು ಆಟೋದವರು ಅವರನ್ನು ಕುರ್ಚಿ ಸಮೇತ ಹೊತ್ತು ನಮ್ಮ ಮನೆಗೆ ತಂದರು. ಅಮ್ಮ ಅಡುಗೆಮನೆ ಸೇರಿಕೊಂಡರು. ಅಂಗಡಿಯಣ್ಣ ತಮ್ಮನ ಮುಂದೆ ಪಾರದರ್ಶಕ ಪೌಚ್ ಇಟ್ಟರು.

"ನೋಡು ಗುರು, ಇದು ನಂದು. ನಾಲ್ಕು ಗಂಟೆಗೊಂದ್ಸಲ ಕೈ ತೊಳ್ಕೋತೀನಿ, ಹಾಕ್ತೀನಿ, ಖಾಲಿ ಮಾಡ್ತೀನಿ, ತೆಗೀತೀನಿ. ಚೀಲ ಇರೋ ತನಕ ಅದೇ ನಿನ್ ಯಜಮಾನ. ಡಾಕ್ಟ್ರನ್ನ ಕೇಳು, ಬಿಡಿಸ್ಕೋ."

"ಇದನ್ನ ಎಲ್ರಿಗೂ ಕಾಣೋ ಹಂಗೆ ನೇತಾಕ್ಕೊಂಡು ಓಡಾಡ್ತೀರಲ್ಲ ಅಣ್ಣ?"

"ಮುಚ್ಚಿಟ್ರೆ ನಾನೇ ಮರ್ತೋಗ್ತೀನಿ."

ಡಾಕ್ಟರು ಒಪ್ಪಿದರು. ನರ್ಸೊಬ್ಬರು ಕಲಿಸಿದರು. ಆದರೆ ಕಲಿತದ್ದು ಉಳಿಯುವಂತೆ ಮಾಡಿದವರು ಅಂಗಡಿಯಣ್ಣ. ಯಾವ ಹೊತ್ತಿಗೆ ಎಷ್ಟು ನೀರು, ಎಷ್ಟು ಹೊರಗೆ ಬಂತು, ಎಲ್ಲವನ್ನೂ ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಬರೆಸುತ್ತಿದ್ದರು. ಹೊತ್ತಾದರೆ ಬೀದಿಯಿಂದಲೇ "ಗುರೂ, ಆಯ್ತಾ ಉಚ್ಚೆ?" ಎಂದು ಕೂಗುತ್ತಿದ್ದರು. ಅಮ್ಮ ಕಿಟಕಿ ಮುಚ್ಚುತ್ತಿದ್ದರು. ತಮ್ಮ ಒಳಗಿಂದ "ಆಯ್ತಣ್ಣ" ಎನ್ನುತ್ತಿದ್ದ.

ಸಲೀಸಾಗಿ ಆದ ಕೆಲಸವಲ್ಲ. ಹೊತ್ತಿಗೆ ಮೊದಲೇ ಸೋರುತ್ತಿತ್ತು. ಎರಡು ಸಲ ಸೋಂಕಾಗಿ ಜ್ವರ ಬಂತು. ಒಂದು ಮಧ್ಯಾಹ್ನ ಮೂರನೆಯ ಸಲ ಹಾಸಿಗೆ ಒದ್ದೆಯಾದಾಗ ತಮ್ಮ ನೀರಿನ ಬಾಟಲಿಯನ್ನು ಗೋಡೆಗೆ ಬೀಸಿದ. ಫೋನಿನಲ್ಲಿ ಅಂಗಡಿಯಣ್ಣನಿಗೆ "ಮೂವತ್ತು ವರ್ಷದ ಗಂಡ್ಸು ಅಣ್ಣ ನಾನು" ಎಂದು ಅತ್ತ.

"ನಾನು ಗಿರಾಕಿ ಎದುರಿಗೇ ಮಾಡ್ಕೊಂಡಿದೀನಿ ಕಣೋ," ಎಂದರು ಅತ್ತ ಕಡೆಯಿಂದ. "ರೇಷನ್ ಕಾರ್ಡ್ ಜೆರಾಕ್ಸಿಗೆ ಬಂದಿದ್ದ. ಎರಡೂ ಕಡೆ ತೆಗೆದು ಕೊಟ್ಟೇ ಕಳಿಸ್ದೆ." ತಮ್ಮ ಅಳುತ್ತಲೇ ನಕ್ಕ. ಡಾಕ್ಟರು ಮಾತ್ರೆ ಬದಲಾಯಿಸಿದ ಮೇಲೆ ಸೋರುವುದು ಕಮ್ಮಿಯಾಯಿತು.

ಐದಾರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಮ್ಮ ಕತ್ತು ಮುಟ್ಟಿಕೊಂಡ. ಹಿಂಬದಿಯಲ್ಲಿ ಏನೋ ಜುಮ್ಮೆನ್ನುತ್ತಿದೆ ಎಂದ. ಮತ್ತೆ ಅದೇ ಸಂಜೆ ಎಂದುಕೊಂಡೆ. ಕೊಳವೆ ಹಾಕಿ ನೋಡಿದರೆ ಮೂತ್ರಕೋಶ ತುಂಬಿತ್ತು. ಖಾಲಿಯಾದೊಡನೆ ಜುಮ್ಮೆನ್ನುವುದು ನಿಂತಿತು. ಮಾರನೆಯ ದಿನವೂ ಹಾಗೇ ಆಯಿತು. ವಿಷಯ ತಿಳಿದು ಅಂಗಡಿಯಣ್ಣ ಬೀದಿಯಲ್ಲೇ ಚಪ್ಪಾಳೆ ತಟ್ಟಿದರು.

"ನಿಂಗೆ ಕತ್ತಲ್ಲಾ? ನಂಗೆ ಕಿವಿ ಬಿಸಿ ಆಗುತ್ತೆ. ಇನ್ಮೇಲೆ ತುಂಬ್ದಾಗ ಅದೇ ನಿನ್ನ ಕರೆಯುತ್ತೆ ಬಿಡು. ಆದ್ರೂ ಗಡಿಯಾರ ಬಿಡ್ಬೇಡ."

ತಮ್ಮನ ಬಟ್ಟೆ ಒಣಗಿಯೇ ಇರುವ ದಿನಗಳು ಬಂದವು. ಈಗ ಅವನು ಮನೆಯಲ್ಲೇ ಕೂತು ಮಿಕ್ಸಿ, ಯುಪಿಎಸ್ ರಿಪೇರಿ ಮಾಡುತ್ತಾನೆ. ನನಗೆ ಮಾತ್ರ ಅವನು "ತಲೆ" ಎಂದರೆ ಸಾಕು, ಕೈ ತಾನಾಗಿ ಅವನ ತೊಡೆಯ ಕೆಳಗೆ ಹೋಗುತ್ತದೆ. ಅಲ್ಲಿ ಈಗ ಕೊಳವೆಯೇ ಇಲ್ಲ.

ಅದೇ ವರ್ಷ ಅಂಗಡಿಯಣ್ಣನ ಮುಖ ಊದತೊಡಗಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆ ದಿನಗಳಲ್ಲಿ ಅಂಗಡಿಯ ಬಾಗಿಲು ಹಾಕಿರುತ್ತಿತ್ತು. ಇಷ್ಟು ಶಿಸ್ತಿನ ಮನುಷ್ಯನಿಗೆ ಹೀಗೇಕೆ ಎಂದು ಒಮ್ಮೆ ಕೇಳಿಬಿಟ್ಟೆ. ಯಂತ್ರದ ಮುಚ್ಚಳ ಒರೆಸುತ್ತ ಹೇಳಿದರು.

"ಮೊದಲ ಆರು ವರ್ಷ ನಂಗೆ ಇದ್ಯಾವುದೂ ಗೊತ್ತಿರ್ಲಿಲ್ಲ. ಯಾರನ್ನಾದ್ರೂ ಕೇಳೋಕೆ ನಾಚ್ಕೆ. ಅಂಗಡೀಲಿ ವಾಸ್ನೆ ಬರ್ಬಾರ್ದು ಅಂತ ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಸಂಜೆವರೆಗೂ ನೀರೇ ಮುಟ್ತಿರ್ಲಿಲ್ಲ. ಉಚ್ಚೆ ಒಳಗೇ ಕಟ್ಕೊಂಡು ಮೇಲಕ್ಕೆ ಹತ್ತಿ ಕಿಡ್ನಿ ತಿಂದ್ಹಾಕ್ತು. ನಿಮ್ಮ ಬಾಲ್ಕನಿ ನೋಡ್ಕೊಂಡು ಯಾಕಷ್ಟು ಜೋರಾಗಿ ಕೂಗ್ದೆ ಅಂತ ಈಗ ಗೊತ್ತಾಯ್ತಾ ಮೇಡಂ?"

ಮುಂದಿನ ಚಳಿಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು.

ತಮ್ಮನನ್ನು ಇಳಿಸಿಕೊಂಡು ನಾವು ಮೂವರೂ ಅವರ ಮನೆಗೆ ಹೋದೆವು. ಅಂಗಳದಲ್ಲಿ ಶಾಮಿಯಾನದ ಕೆಳಗೆ ಬೀದಿಯ ಜನವೆಲ್ಲ ಇದ್ದರು. ತಮ್ಮ ಅವರ ಕಾಲ ಬಳಿ ಕುರ್ಚಿ ನಿಲ್ಲಿಸಿಕೊಂಡು ಅವರ ಕೈಯನ್ನೇ ನೋಡುತ್ತಿದ್ದ. ಅವನು ಕತ್ತಿನ ಹಿಂಬದಿ ಉಜ್ಜಿಕೊಂಡದ್ದು ನನಗೆ ಕಂಡಿತು. ನೂರು ಜನರ ಮಧ್ಯೆ ಅವನು ಹೇಳಲಾರನೆಂದು ಗೊತ್ತಿತ್ತು. ನನ್ನ ಬಾಯಿ ಮತ್ತೆ ಕಟ್ಟಿತು, ಆ ಬಾಲ್ಕನಿಯಲ್ಲಿ ಕಟ್ಟಿದ ಹಾಗೇ.

ಆಗ ಅಮ್ಮ ಗೋಡೆಯ ಗಡಿಯಾರ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಬಾರೋ ಮಗ, ಉಚ್ಚೆಗೆ ಟೈಮಾಯ್ತು."

ಅಂಗಡಿಯಣ್ಣನ ಹೆಂಡತಿ ಹೆಣದ ಪಕ್ಕದಿಂದ ಎದ್ದು ಬಂದರು. "ಬಾಪ್ಪ, ಅವರ ಬಾತ್‌ರೂಮ್ ಈ ಕಡೆ," ಎಂದು ತಮ್ಮನ ಕುರ್ಚಿಗೆ ದಾರಿ ಬಿಡಿಸಿದರು. "ಹೊಸ ಸೋಪು ಇಟ್ಟಿದೀನಿ."