ಹತ್ತೇ ನಿಮಿಷ

ನಾನು ಕಂಪನಿಗಳಿಗೆ ಡಿಸೈನ್ ಸಾಫ್ಟ್‌ವೇರ್ ಮಾರುವವಳು. ಗಿರಾಕಿ ಏನೇ ಕೇಳಿದರೂ ‘ಆಗುತ್ತೆ ಸಾರ್’ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಆಗುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು, ಅದು ಬೇರೆ ಡಿಪಾರ್ಟ್‌ಮೆಂಟಿನವರ ತಲೆನೋವು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕಾಲೇಜು ಬಿಟ್ಟ ಮೇಲೆ ಬಿಚ್ಚಿ ನೋಡಿದ ಯಂತ್ರವೆಂದರೆ ಮನೆಯ ಮಿಕ್ಸಿ ಒಂದೇ. ಅದನ್ನೂ ಮತ್ತೆ ಜೋಡಿಸಲು ಬರಲಿಲ್ಲ.

ಆ ಕೊರಗಿಗೋ ಏನೋ, ಶನಿವಾರ ಯಲಹಂಕದ ಆಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದವರಿಗೆ ಪಾಠ ಮಾಡುತ್ತೇನೆ. ಭಾನುವಾರ ಬೆಟ್ಟ. ಎರಡು ಹುಚ್ಚೂ ಒಟ್ಟಿಗೇ ತೀರಲಿ ಎಂದು ಸೆಮಿಸ್ಟರ್ ಮುಗಿದಾಗ ಅವರನ್ನೆಲ್ಲ ಮಾಕಳಿದುರ್ಗಕ್ಕೆ ಹೊರಡಿಸುತ್ತೇನೆ. ಕಂಪ್ಯೂಟರಿನಲ್ಲಿ ಸೇತುವೆಯನ್ನೇ ಎಬ್ಬಿಸುವ ಇವರು, ಬಂಡೆಯ ಮೇಲೆ ಶೂ ಯಾಕೆ ಜಾರುತ್ತದೆ ಎಂದು ಕೇಳಿದರೆ ಫೋನ್ ತೆಗೆಯುತ್ತಾರೆ. ಒಮ್ಮೆ ಜಾರಿ ದೊಪ್ಪನೆ ಕೂತ ಮೇಲೆ ಘರ್ಷಣೆಯ ಪಾಠ ಯಾರಿಗೂ ಮರೆಯುವುದಿಲ್ಲ.

ಈ ಸಲ ಬಂದ ಆರು ಜನರಲ್ಲಿ ಟಿ. ದಾಸರಹಳ್ಳಿಯ ಹುಡುಗಿಯೊಬ್ಬಳಿದ್ದಳು. ನಾನು ತರಗತಿಗೆ ತಂದಿದ್ದ ಸವೆದ ಗಿಯರನ್ನು ಕೇಳಿ ಮನೆಗೆ ಒಯ್ದು, ಅದು ಯಾಕೆ ಸವೆಯಿತೆಂದು ವಾರದೊಳಗೆ ಪತ್ತೆ ಹಚ್ಚಿದವಳು. ಜೊತೆಗೆ ಒಳ್ಳೆಯ ಮಾತುಗಾರ್ತಿ. ಇಂಥವಳು ನಮ್ಮ ಸೇಲ್ಸ್ ಟೀಮಿಗೆ ಬೇಕೆಂದು ನಾನೇ ಶಿಫಾರಸು ಮಾಡಿ ಆಫರ್ ಕೊಡಿಸಿದ್ದೆ. ಅಷ್ಟರಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಯೊಂದು ಅವಳನ್ನು ಗಿಯರ್ ಡಿಸೈನಿಗೆ ಕರೆದಿತ್ತು, ಅರ್ಧ ಸಂಬಳಕ್ಕೆ. ಎರಡಕ್ಕೂ ಸೋಮವಾರವೇ ಉತ್ತರ ಕೊಡಬೇಕಿತ್ತು. “ಎರಡು ವರ್ಷ ಸೇಲ್ಸ್ ಮಾಡು, ಆಮೇಲೆ ಡಿಸೈನ್‌ಗೆ ಆರಾಮಾಗಿ ವಾಪಸ್ ಹೋಗ್ಬಹುದು” ಎಂದು ನಾನು ಭರವಸೆ ಕೊಟ್ಟಿದ್ದೆ.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಬಿಸಿಲು ಏರಿತು.

“ಮ್ಯಾಮ್, ಇನ್ನೆಷ್ಟ್ ದೂರ?” ಅವಳು ಕೇಳಿದಳು.

“ಇನ್ನೇನ್ ಬಂದೇ ಬಿಡ್ತು ಕಣಮ್ಮಾ, ಹತ್ತೇ ನಿಮಿಷ.”

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ಹತ್ತೇ ನಿಮಿಷ ಎಂದೆ. ನನ್ನ ಮಾತು ನಂಬಿ ಎಲ್ಲರೂ ಬಾಟಲಿಯ ನೀರು ಖಾಲಿ ಮಾಡಿದರು. ತುದಿಯಲ್ಲಿರುವ ಕೋಟೆಯ ಗೋಡೆ ಮುಟ್ಟುವಷ್ಟರಲ್ಲಿ ಎಲ್ಲರ ನಾಲಿಗೆಯೂ ಒಣಗಿತ್ತು. ನನ್ನ ಬ್ಯಾಗಿನಲ್ಲಿದ್ದ ಸೌತೆಕಾಯಿಗಳು ನನ್ನ ಮಾನ ಉಳಿಸಿದವು.

ಉಳಿದವರು ಫೋಟೋ ತೆಗೆಯಲು ಓಡಿದರು. ಅವಳು ಪಕ್ಕದಲ್ಲಿ ಕೂತು ವಾಚು ತೋರಿಸಿದಳು.

“ಐವತ್ತೆರಡ್ ನಿಮಿಷ ಆಯ್ತು ಮ್ಯಾಮ್. ನಿಮ್ಗೆ ದಾರಿ ಗೊತ್ತಿತ್ತು ತಾನೆ?”

“ಗೊತ್ತಿತ್ತು. ನಿಜ ಹೇಳಿದ್ರೆ ನೀವೆಲ್ಲ ಅಲ್ಲೇ ಕೂತ್ಬಿಡ್ತಿದ್ರಿ.”

“ಎರಡು ವರ್ಷ ಆದ್ಮೇಲೆ ವಾಪಸ್ ಹೋಗ್ಬಹುದು ಅಂದ್ರಲ್ಲ, ಅದೂ ಹಿಂಗೇನಾ?”

ಟೀಮಿಗೆ ಜನ ಬೇಕೆಂಬ ಆಸೆಯಲ್ಲಿ ಅವಳ ಬದುಕಿನ ವಿಷಯಕ್ಕೂ ಸೇಲ್ಸ್ ಮಾತನ್ನೇ ಆಡಿದ್ದೆ. ನಾಚಿಕೆಯಾಯಿತು.

“ಹಾಗೆ ವಾಪಸ್ ಹೋದೋರು ನಂಗೊಬ್ರೂ ಗೊತ್ತಿಲ್ಲ” ಎಂದೆ. “ನಾನೂ ಎರಡೇ ವರ್ಷ ಅಂತ ಬಂದೋಳು. ಹದಿನಾರಾಯ್ತು.”

“ಬೇಜಾರಿದ್ಯಾ ಮ್ಯಾಮ್?”

“ಈ ಕೆಲ್ಸ ನಂಗಿಷ್ಟಾನೇ. ಆದ್ರೆ ನೀನು ಆ ಗಿಯರ್ ಹಿಡ್ಕೊಂಡು ಮಾತಾಡೋದ್ ನೋಡಿದಾಗ... ಹೂಂ, ಬೇಜಾರಿದೆ.”

ಅವಳು ಕೈಯಲ್ಲಿದ್ದ ಸೌತೆಕಾಯಿಯನ್ನು ಮುರಿದು ಅರ್ಧ ನನಗೆ ಕೊಟ್ಟಳು.

ಸೋಮವಾರ ಮಧ್ಯಾಹ್ನ ಹೆಬ್ಬಾಳದ ಫ್ಲೈಓವರ್ ಮೇಲೆ ನನ್ನ ಕ್ಯಾಬು ನಿಂತಲ್ಲೇ ನಿಂತಿದ್ದಾಗ ಅವಳ ಮೆಸೇಜು ಬಂತು. ಪೀಣ್ಯದ ಕೆಲಸಕ್ಕೆ ಒಪ್ಪಿಕೊಂಡಿದ್ದಳು. ಅದರ ಹಿಂದೆಯೇ ನಮ್ಮ ಬಾಸ್ ಫೋನು.

“ಏನ್ರೀ, ನಿಮ್ ಹುಡುಗಿ ಕೈಕೊಟ್ಳಲ್ಲ! ಏನಾಯ್ತು?”

“ನಾನೇ ನಿಜ ಹೇಳ್ಬಿಟ್ಟೆ ಸಾರ್.”

ಅವರು ಇನ್ನೂ ಏನೇನೋ ಬೈಯುತ್ತಿದ್ದರು. ನಾನು ಮೆಸೇಜನ್ನೇ ಮತ್ತೆ ಓದುತ್ತಿದ್ದೆ. ಅವಳ ಬಗ್ಗೆ ಖುಷಿಯಾಗಿತ್ತು. ಆದರೆ ಸುಳ್ಳೇಕೆ, ಖುಷಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.