ತಾರೀಕು ನೋಡು ಅಂದವರು ಯಾರು?

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಅಂಥ ಮಾತು ನನಗೆ ಹಿಡಿಸುವುದಿಲ್ಲ. ಆದರೂ ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಹಾಡಹಗಲೇ, ಜನರ ಎದುರಿಗೇ ನಡೆದದ್ದನ್ನು ಹೇಳದೆ ಇರಲಾರೆ. ಅದನ್ನು ನೆನೆದರೆ ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಯಾಕೆಂದು ಮೊದಲು ಹೇಳಿಬಿಡುತ್ತೇನೆ.

ಹೊನ್ನಾಳಿಯ ಒಂದು ಸಣ್ಣ ಕಂಪನಿಯಲ್ಲಿ ನಾನೂ ನ್ಯಾಮತಿಯ ಶಶಿಕಲಾಳೂ ಹಳ್ಳಿಯ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಚನ್ನಗಿರಿ ಕಡೆಯ ಯಾವುದೋ ಡೈರಿಯಲ್ಲಿ ಕನ್ನಡ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಮೂಡಿದವೆನ್ನಿ, ಶಶಿಕಲಾ ಅದನ್ನು ಸರಿಮಾಡಿ ಸುಮ್ಮನಾಗುತ್ತಿರಲಿಲ್ಲ. ಕೆಲಸ ಮಾಡಿದ ಆ ಕೋಡಿನ ತುಣುಕನ್ನು, ಹೊಸ ಕಂಪ್ಯೂಟರಿಗೆ ಏನೇನು ಹಾಕಬೇಕೆಂಬುದನ್ನು, ಕನ್ನಡದಲ್ಲೇ ಬರೆದು ಒಂದೆಡೆ ಕೂಡಿಸಿಡುತ್ತಿದ್ದಳು. ನಡುನಡುವೆ ಎದುರಿಗೆ ಕೂತು ಮಾತಾಡಿದಂತೆ ಬರೆಯುವುದು ಅವಳ ರೂಢಿ: "ಗಾಬರಿ ಬ್ಯಾಡ, ಇದು ನನ್ನ ತಲೇನೂ ತಿಂದೈತೆ."

"ನಮ್ ಕಡೆಯೋರು ಇಂಗ್ಲಿಷ್ ಓದಿ ಒದ್ದಾಡೋದು ಬ್ಯಾಡ ಕಣೆ. ಯಾರು ಬೇಕಾದ್ರೂ ತಗಳ್ಳಿ," ಎನ್ನುತ್ತಿದ್ದಳು.

ಕಾಯಿಲೆ ಬಿದ್ದು ಅವಳು ತೀರಿಕೊಂಡಳು. ಅವಳ ವರ್ಷಾಂತಿಕ ಆಗುವ ಮೊದಲೇ ಮಾಲೀಕ ಪರಮೇಶಪ್ಪನವರು ಆ ಟಿಪ್ಪಣಿಗಳು ಹೊರಗಿನವರಿಗೆ ಸಿಗದಂತೆ ಮಾಡಿ, ಮೇಲೆ ತಮ್ಮ ಹೆಸರು ಹಾಕಿಕೊಂಡರು. ಅವಳ ಮಾತುಗಳನ್ನೆಲ್ಲ ಹರಟೆ ಎಂದು ಅಳಿಸಿದರು. ಮೂಲ ಪ್ರತಿಯ ಮೇಲೇ ಕೈ ಹಾಕಿದ್ದರಿಂದ ಹಳೆಯದು ಉಳಿಯಲಿಲ್ಲ. ಕೊನೆಗೆ ಅವಳ ಹೆಸರಾದರೂ ಇರಲಿ ಎಂದು ಕೇಳಿದೆ.

"ಸತ್ತೋರ ಹೆಸರು ಇಟ್ಕಂಡು ಏನು ಮಾಡಾಕೆ ಬರ್ತೈತ್ರೀ ಮೇಡಂ?" ಎಂದರು, ಚಹಾ ಹೀರುತ್ತಲೇ.

ಆ ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಜಗಳೂರು ಕಡೆಯ ಆ ಡೈರಿಗೆ ಹೋದದ್ದು. ಬೇರೆಲ್ಲೋ ಮೂಲೆಗೆ ಬಿದ್ದಿದ್ದ ಕಂಪ್ಯೂಟರನ್ನು ಅಲ್ಲಿಗೆ ತಂದಿದ್ದರು. ಮಾಲೀಕರು 'ಶುದ್ಧ' ಮಾಡಿದ ಟಿಪ್ಪಣಿ ನೋಡಿಕೊಂಡು ಒಂದೊಂದೇ ಹಂತ ಮುಗಿಸಿದೆ. ಎಲ್ಲ ಸರಿಯಿತ್ತು, ಆದರೆ ದೂರದ ಸರ್ವರ್ ನಮ್ಮನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮತ್ತೆ ಮೊದಲಿನಿಂದ ಮಾಡಿದೆ. ಅದೇ ಕಥೆ. ಸಂಜೆಯ ಹಾಲು ಹಾಕುವ ಹೊತ್ತಾಯಿತು. ಇನ್ನೂ ಇಳಿಯದ ಬಿಸಿಲಲ್ಲಿ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತರು.

"ಕಂಪ್ಯೂಟರಿಂದ ಚೀಟಿ ಬರದಂಗೆ ಹಾಲು ತಗಳಂಗಿಲ್ರೀ. ಇನ್ನೊಂದು ತಾಸಾದ್ರೆ ಒಡದು ಹೋಗ್ತೈತೆ," ಎಂದು ಡೈರಿಯ ಸೆಕ್ರೆಟರಿ ಚಡಪಡಿಸಿದರು. ಮಾಲೀಕರು ಫೋನ್ ಎತ್ತಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಆಗ ಸಾಲಿನಲ್ಲಿದ್ದ ಹನುಮಕ್ಕ ಎಂಬ ಹೆಂಗಸು ಬಾಗಿಲಿಗೆ ಬಂದು, "ಅವ್ವಾ, ಹೊರಗೆ ಒಬ್ರು ನಿಂತಾರೆ. ಒಳಗಿರೋ ಅಕ್ಕಗೆ ಹೇಳು ಅಂದ್ರು, ಗಾಬರಿ ಬ್ಯಾಡ, ಮೊದ್ಲು ತಾರೀಕು ನೋಡು ಅಂತ," ಎಂದಳು.

ಯೋಚಿಸದೆ ಪರದೆಯ ಮೂಲೆ ನೋಡಿದೆ. ಕಂಪ್ಯೂಟರಿನ ತಾರೀಕು ಹಲವು ವರ್ಷ ಹಿಂದೆ ನಿಂತಿತ್ತು. ತಾರೀಕು ತಪ್ಪಿದ್ದರೆ ಸರ್ವರ್ ನಂಬುವುದಿಲ್ಲ. ಸರಿ ಮಾಡಿದ್ದೇ ತಡ, ಚೀಟಿ ಬಂತು. 'ಗಾಬರಿ ಬ್ಯಾಡ' ಎಂಬುದು ಯಾರ ಮಾತೆಂದು ಆಮೇಲೆ ಹೊಳೆಯಿತು. ಓಡಿ ಹೊರಗೆ ಬಂದೆ.

ಹನುಮಕ್ಕ ತೋರಿಸಿದ ಜಾಗದಲ್ಲಿ ಯಾರೂ ಇರಲಿಲ್ಲ. ಸಾಲಿನಲ್ಲಿದ್ದ ಯಾರೂ ಹಾಗೆ ಹೇಳಿ ಕಳಿಸಿರಲಿಲ್ಲ. ಹನುಮಕ್ಕನಿಗೆ ಫೋನಿನಲ್ಲಿದ್ದ ಶಶಿಕಲಾಳ ಫೋಟೋ ತೋರಿಸಿದೆ. ಅವಳು ಫೋನನ್ನು ನೆರಳಿಗೆ ಹಿಡಿದು ನೋಡಿದಳು.

"ಇವ್ರೇ ಅನ್ನಾಕೆ ಆಗಲ್ಲವ್ವ. ಅಲ್ಲ ಅನ್ನಾಕೂ ಆಗಲ್ಲ. ಬಿಸ್ಲಿಗೆ ಮಕದ ಮ್ಯಾಲೆ ಸೆರಗು ಎಳ್ಕಂಡಿದ್ರು."

ವಾಪಸು ಬರುವಾಗ ಬಸ್ಸಿನಲ್ಲಿ ಮಾಲೀಕರೇ ಫೋನ್ ಮಾಡಿದರು. ತಾರೀಕಿನ ವಿಷಯವನ್ನಷ್ಟೇ ಹೇಳಿದೆ.

"ಭಾಳ ಚಲೋ ಆತು. ಆ ಸಾಲನ್ನೂ ನಮ್ಮ ಟಿಪ್ಪಣಿಗೆ ಸೇರ್ಸಿಬಿಡ್ರಿ."

"ಯಾರ ಹೆಸ್ರಲ್ಲಿ ಸಾರ್?"

"ಕಂಪನಿ ಹೆಸ್ರಲ್ಲೇ! ಮತ್ತೆ ಯಾರದ್ದು?"

ಮರುದಿನವೇ ಕೆಲಸ ಬಿಟ್ಟೆ. ನೆನಪಿದ್ದಷ್ಟನ್ನು ಮತ್ತೆ ಬರೆದು, ಮೇಲೆ ಶಶಿಕಲಾ ಕೂಡಿಸಿದ್ದು ಎಂದು ಹಾಕಿ, ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿಟ್ಟೆ. ಬೇರೆಯವರೂ ಈಗ ತಮ್ಮ ತುಣುಕುಗಳನ್ನು ಕಳಿಸುತ್ತಾರೆ. ಪ್ರತಿಯೊಂದರ ಕೆಳಗೂ ಯಾರು ಹೇಳಿದ್ದೆಂದು ಬರೆಯುತ್ತೇನೆ. ಇದರಲ್ಲಿ ಮಾತ್ರ ನನ್ನದು ಹಟ.

ನಿನ್ನ ಮನಸ್ಸಿಗೇ ಹೊಳೆದಿರಬೇಕು ಎನ್ನುತ್ತಾರೆ ಗೆಳೆಯರು. ಹೊಳೆದದ್ದು ನನಗಾದರೆ ಹನುಮಕ್ಕನ ಬಾಯಲ್ಲಿ ಹೇಗೆ ಬಂತು? ದಾರಿಯಲ್ಲಿ ಹೋಗುವ ಯಾರೋ ತಿಳಿದವರು ಹೇಳಿದರು ಎನ್ನೋಣವೆಂದರೆ, ಒಳಗಿನ ನನ್ನ ಪಾಡು ಅವರಿಗೆ ಹೇಗೆ ಗೊತ್ತಾಯಿತು? ಶಶಿಕಲಾ ಆ ಸಾಲನ್ನು ಹಿಂದೆ ಬರೆದಿದ್ದಳೇ ಎಂದು ನೋಡಲು ಹಳೆಯ ಪ್ರತಿಯಿಲ್ಲ. ದೆವ್ವವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಆ ತಾರೀಕಿನ ಸಾಲಿನ ಕೆಳಗೆ ಯಾರ ಹೆಸರು ಬರೆಯಲಿ? ನನ್ನದಂತೂ ಅಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ.