ಆ ಮನೆಯ ಮೆಟ್ಟಿಲು

ಮೊಮ್ಮಗಳ ಹಟಕ್ಕೆ ಜಪಾನಿನ ಆ ಓಣಿಗೆ ಹೋಗಿದ್ದೆ. ಅವಳು ನೋಡುವ ಅನಿಮೆ ಎಂಬ ಜಪಾನಿ ಕಾರ್ಟೂನಿನ ಹುಡುಗಿ ಅಲ್ಲಿನ ಒಂದು ಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಾಳಂತೆ. ಅಲ್ಲೇ ಕೂತು ಫೋಟೊ ತೆಗೆಸಿಕೊಳ್ಳಲು ಮಂದಿ ಸಾಲುಗಟ್ಟಿದ್ದರು. ನನ್ನ ವಾರಿಗೆಯ ಹೆಂಗಸೊಬ್ಬರು ಕೈಚೀಲ ಹಿಡಿದು ಒಳಗಿನಿಂದ ಆ ಮನೆಯ ಬಾಗಿಲು ತೆರೆದರು. ಇಳಿಯಲು ದಾರಿಯಿಲ್ಲದೆ ಮತ್ತೆ ಮುಚ್ಚಿಕೊಂಡರು. ಮೆಟ್ಟಿಲ ಮೇಲಿದ್ದವಳು ನನ್ನ ಮೊಮ್ಮಗಳೇ!

“ಏಳಲೇ! ನಮ್ಮೂರು ಹಡಗಲ್ಯಾಗ ನಮ್ಮ ಮನಿ ಹೊಸ್ತಿಲ ಮುಂದ ಯಾರರ ಚಪ್ಪಲಿ ಹಾಕ್ಕೊಂಡು ಹಿಂಗ ಕುಂತರ ಸುಮ್ನ ಬಿಡ್ತೀನೇನು?”

“ಅಜ್ಜಿ, ಅಳೋದು ಒಂದ ಫೋಟೊ...”

“ನಾ ಅಳಸ್ತೀನಿ, ಏಳು!”

ಕೊಡೆ ಎತ್ತಿ ಎಲ್ಲರನ್ನೂ ಬದಿಗೆ ಸರಿಸಿದೆ. ಬಾಗಿಲು ತೆರೆಯಿತು. ಆಕೆ ನನಗೆ ಬಾಗಿ ವಂದಿಸಿ ಸಂತೆಗೆ ಹೊರಟರು.

ಸಾಲಿನವರು ನನ್ನ ಇಳಕಲ್ ಸೀರೆ, ಎತ್ತಿದ ಕೊಡೆ ನೋಡಿ, ನಾನು ಯಾವ ಅನಿಮೆಯವಳೆಂದು ಮೊಮ್ಮಗಳನ್ನು ಕೇಳಿದರು. ಆಮೇಲೆ ಫೋಟೊಗೆ ನನ್ನ ಮುಂದೆ ಸಾಲು ಕಟ್ಟಿದರು.